ನನ್ನ ಹುಳ, ಓರಗಿತ್ತಿಯ ಹುಳ

ನನ್ನ ಓರಗಿತ್ತಿ ಕಟ್ಟಿದ ಹುಳವನ್ನು ಮೀನು ನಂಬುತ್ತಿತ್ತು. ನಾನು ಕಟ್ಟಿದ್ದನ್ನು ನಂಬುತ್ತಿರಲಿಲ್ಲ. ಇಷ್ಟು ವರ್ಷ ಕಳೆದ ಮೇಲೆ ನೆನೆಸಿಕೊಂಡರೆ ನಗು ಬರಬೇಕಾದ ಮಾತು ಇದು. ನನಗೆ ಇವತ್ತಿಗೂ ಅಷ್ಟಾಗಿ ನಗು ಬರುವುದಿಲ್ಲ.

ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮದರಾಸಿನ ನುಂಗಂಬಾಕ್ಕಂನಲ್ಲಿ ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲ ಕಡೆಗೊಂದು ಜಗಲಿ, ಅದರಾಚೆ ಬಾವಿ. ನನ್ನ ಯಜಮಾನರು ಹತ್ತಿರದಲ್ಲೇ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮೈದುನ ಅದೇ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಮಡಿಯ ಅತ್ತೆ, ನಾನು, ಶಾಲೆಗೆ ಹೋಗುವ ನನ್ನ ಮಗಳು. ಮೈದುನನ ಮದುವೆಯಾಗಿ ಓರಗಿತ್ತಿ ಬಂದದ್ದು ಆಮೇಲೆ.

ಅವಳು ಮಂಗಳೂರು ಪೇಟೆಯ ಹುಡುಗಿ. ಬೆಳ್ಳಗಿದ್ದಳು, ಹೈಸ್ಕೂಲು ಮುಗಿಸಿದ್ದಳು, ಯಾರು ಎಷ್ಟು ಗಡಿಬಿಡಿ ಮಾಡಿದರೂ ತಾನು ಗಡಿಬಿಡಿ ಮಾಡುತ್ತಿರಲಿಲ್ಲ. ಅವಳು ಎರೆದ ದೋಸೆಯ ಅಂಚು ಹರಿದಿರುತ್ತಿತ್ತು. ಒಗೆದು ಹಾಕಿದ ಸೀರೆ ಹಗ್ಗದ ಮೇಲೆ ಓರೆಯಾಗಿ ನೇತಾಡುತ್ತಿತ್ತು. ಗುಡಿಸಿದ ಮೇಲೂ ಮೂಲೆಯಲ್ಲಿ ಕಸ ಅಲ್ಲೇ ಇರುತ್ತಿತ್ತು. ಆದರೂ ಅತ್ತೆ ಎರಡನೆಯ ದೋಸೆ ಕೇಳುತ್ತಿದ್ದದ್ದು ಅವಳು ಒಲೆಯ ಮುಂದೆ ಕೂತ ದಿನ. ನಾನು ದುಂಡಗೆ ಎರೆದ ದೋಸೆಯನ್ನು ತಿಂದು ಕೈ ತೊಳೆದುಬಿಡುತ್ತಿದ್ದರು. ಹೀಗಿರುವಾಗ ನನ್ನ ಹೊಟ್ಟೆ ತಣ್ಣಗಿರಬೇಕು ಎಂದರೆ ಹೇಗೆ?

ಹುಳದ ಕೆಲಸ ಮನೆಗೆ ಬಂದದ್ದು ನನ್ನಿಂದ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಮನೆಯಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ನನ್ನ ತವರು ಉಡುಪಿಯ ಹತ್ತಿರ ಮಲ್ಲಿಗೆ ಬೆಳೆಯುವ ಊರು. ನಮ್ಮಲ್ಲಿ ಹೆಣ್ಣುಮಕ್ಕಳು ಓದುವುದಕ್ಕಿಂತ ಮೊದಲು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ಕಲಿಯುತ್ತಾರೆ. ಮೊಗ್ಗುಗಳು ಒಂದರ ಪಕ್ಕ ಒಂದು ಒಂದೇ ಸಮ ಕೂರಬೇಕು, ನಾರಿನ ಎಳೆ ಒಂದೂ ಹೊರಗೆ ಇಣುಕಬಾರದು. ಇಣುಕಿದರೆ ನನ್ನ ಅಜ್ಜಿ ಅಷ್ಟನ್ನೂ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಮದರಾಸಿನಲ್ಲೂ ಹೋಟೆಲಿನ ಗಲ್ಲಾದ ಮೇಲಿನ ದೇವರ ಪಟಕ್ಕೆ ಮಾಲೆ ನಾನೇ ಕಟ್ಟಿ ಕಳಿಸುತ್ತಿದ್ದೆ.

ಆ ಹೋಟೆಲಿಗೆ ಆಗಾಗ ಒಬ್ಬರು ವಯಸ್ಸಾದ ಆಂಗ್ಲೋ-ಇಂಡಿಯನ್ ಹೆಂಗಸು ಬರುತ್ತಿದ್ದರು. ಮನೆ ಪಲ್ಲಾವರಂನಲ್ಲಿ. ರೈಲು ಓಡಿಸುತ್ತಿದ್ದ ಗಂಡ ತೀರಿಕೊಂಡಿದ್ದ. ಮೌಂಟ್ ರೋಡಿನ ಒಂದು ಅಂಗಡಿಗೆ ಮೀನು ಹಿಡಿಯುವ ಗಾಳದ ಮೇಲೆ ಸುಳ್ಳು ಹುಳ ಕಟ್ಟಿಕೊಡುವುದು ಅವರ ಕಸುಬು. ಅಂಗಡಿಗೆ ಸರಕು ಕೊಟ್ಟು ಬರುವಾಗ ನಮ್ಮ ಹೋಟೆಲಿನಲ್ಲಿ ಒಂದು ರವೆ ದೋಸೆ, ಒಂದು ಕಾಫಿ. ಕಣ್ಣು ಮಂಜಾಗುತ್ತ ಬಂದಿತ್ತಂತೆ. ಸಣ್ಣ ಕೈಕೆಲಸ ಬಲ್ಲ ಹೆಂಗಸರು ನಿಮ್ಮವರಲ್ಲಿ ಯಾರಾದರೂ ಇದ್ದಾರೆಯೇ ಎಂದು ಗಲ್ಲಾದಲ್ಲಿ ವಿಚಾರಿಸಿದರು. ಯಜಮಾನರು ಪಟದ ಮೇಲಿನ ಮಾಲೆಯತ್ತ ಕೈ ತೋರಿಸಿ, ಇದನ್ನು ಕಟ್ಟಿದ್ದು ನನ್ನ ಹೆಂಡತಿ ಎಂದರು. ಅವರು ಕನ್ನಡಕ ಹಾಕಿಕೊಂಡು ಮಾಲೆಯ ಬೆನ್ನನ್ನು ತಿರುಗಿಸಿ ನೋಡಿ, ಮರುವಾರವೇ ನಮ್ಮ ಮನೆಗೆ ಬಂದರು. ನಮ್ಮ ಬಾಯಲ್ಲಿ ಅವರು ಪಲ್ಲಾವರಂ ದೊರೆಸಾನಿಯಾದರು.

ಊಟಿಯ ಕಡೆ, ಕೊಡೈಕಾನಲ್ ಕಡೆ ಬೆಟ್ಟದ ತೊರೆಗಳಲ್ಲಿ ಟ್ರೌಟ್ ಎಂಬ ಮೀನಿದೆಯಂತೆ. ಬಿಳಿಯರು ಹಿಂದೆ ತಂದುಬಿಟ್ಟದ್ದು. ಆ ಮೀನಿಗೆ ಗಾಳದಲ್ಲಿ ಎರೆಹುಳ ಸಿಕ್ಕಿಸುವುದು ಹವ್ಯಾಸದವರಿಗೆ ಮರ್ಯಾದೆಯಲ್ಲ. ಕೂದಲು, ಗರಿ, ದಾರ ಸುತ್ತಿ ಹುಳದ ಹಾಗೆ ಕಾಣುವಂಥದ್ದನ್ನು ಕಟ್ಟಿ ಅದನ್ನೇ ನೀರಿಗೆಸೆದು ಮೀನನ್ನು ನಂಬಿಸಬೇಕು. ಅದರಲ್ಲೂ ಒಂದು ಜಾತಿಯ ಹುಳ ರೆಕ್ಕೆ ಬರುವ ತನಕ ನೀರಿನೊಳಗೇ ಬೆಳೆಯುತ್ತದೆ. ಆ ಮರಿಹುಳದ ನಕಲಿಗೆ ನಿಂಫ್ ಎಂದು ಹೆಸರು. ದೊರೆಸಾನಿ ನಮ್ಮಿಂದ ಕಟ್ಟಿಸಿದ್ದು ಅದನ್ನೇ. ಅತ್ತೆ ಅದನ್ನು ಸುಳ್ಳು ಹುಳ ಎಂದು ಕರೆದರು, ನಾವು ಬರೀ ಹುಳ ಎಂದೆವು.

ಅದರ ಮೈಗೆ ಬೇಕಾದದ್ದು ಮೊಲದ ಕಿವಿಯ ಕೂದಲು. ಪಲ್ಲಾವರಂ ಸಂತೆಯಲ್ಲಿ ಮೊಲ ಮಾರುವವರಿಂದ ದೊರೆಸಾನಿ ಕಿವಿಗಳನ್ನು ಕೇಳಿ ಪಡೆಯುತ್ತಿದ್ದರು. ಒಣಗಿಸಿದ ಆ ಕಿವಿಗಳನ್ನು ಕಂಡದ್ದೇ ಅತ್ತೆ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು. ನಮ್ಮ ಮನೆಯಲ್ಲಿ ಈರುಳ್ಳಿಯೇ ಒಳಗೆ ಬರುತ್ತಿರಲಿಲ್ಲ. ಯಜಮಾನರು ತಾಯಿಯನ್ನು ಒಪ್ಪಿಸಿದ ರೀತಿ ಮಾತ್ರ ಮೆಚ್ಚತಕ್ಕದ್ದೇ. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನ ಕಟ್ಟುತ್ತೇವಲ್ಲ, ಜಿಂಕೆಯ ಚರ್ಮ ಆಗುವುದಾದರೆ ಮೊಲದ ಕಿವಿ ಯಾಕಾಗದು ಎಂದರು. ಅತ್ತೆ ಒಂದು ದಿನ ಪೂರ್ತಿ ಯೋಚಿಸಿ ತೀರ್ಪು ಕೊಟ್ಟರು.

"ಜಗಲಿಯಿಂದ ಒಳಗೆ ಬರ್ಲಿಕ್ಕಿಲ್ಲ ಅದು. ಮುಟ್ಟಿದವಳು ಮಿಂದೇ ಒಲೆಯ ಹತ್ತಿರ ಬರ್ಬೇಕು."

ಹೀಗೆ ಹಿತ್ತಲ ಜಗಲಿ ನನ್ನದಾಯಿತು. ದೊರೆಸಾನಿ ಒಂದು ಪುಟ್ಟ ವೈಸ್ ತಂದು ಹಳೆಯ ಬೆಂಚಿನ ಅಂಚಿಗೆ ಬಿಗಿದುಕೊಟ್ಟರು. ಬಡಗಿಗಳು ಮರ ಹಿಡಿಸುವ ವೈಸ್ ಇದೆಯಲ್ಲ, ಅದರ ಮರಿ. ಅದರ ಬಾಯಿಗೆ ಗಾಳದ ಕೊಕ್ಕೆ ಸಿಕ್ಕಿಸಿ, ಮೇಣ ಸವರಿದ ರೇಷ್ಮೆ ದಾರ ಸುತ್ತಬೇಕು. ಬಾಲಕ್ಕೆ ಮೂರ್ನಾಲ್ಕು ಕೂದಲು. ಆಮೇಲೆ ಕಿವಿಯಿಂದ ಕಿತ್ತ ಕೂದಲನ್ನು ಬತ್ತಿ ಹೊಸೆದ ಹಾಗೆ ದಾರಕ್ಕೆ ಹೊಸೆದು ಮೈ ಸುತ್ತಬೇಕು. ಅದರ ಮೇಲೆ ಜರಿಯ ಎಳೆಯಿಂದ ಪಟ್ಟೆ. ಎದೆಯ ಭಾಗ ಸ್ವಲ್ಪ ದಪ್ಪ, ಬೆನ್ನಿಗೊಂದು ಗರಿಯ ಚೂರು, ಕೊನೆಗೆ ಗಂಟು. ಇಂಗ್ಲೆಂಡಿನ ಜರಿ ಮುಗಿದಾಗ ಸೌಕಾರ್‌ಪೇಟೆಯಿಂದ ಸೀರೆಯ ಜರಿ ತರಿಸಿದವಳು ನಾನೇ.

ಮಾದರಿಗೆಂದು ದೊರೆಸಾನಿ ತಮ್ಮ ಗಂಡ ಬಳಸುತ್ತಿದ್ದ ಒಂದು ಹಳೆಯ ಹುಳ ಕೊಟ್ಟಿದ್ದರು. ಅದರ ಎದೆಯ ಕೂದಲೆಲ್ಲ ಕೆದರಿ ಹೊರಗೆ ನಿಂತಿತ್ತು. ಮೀನು ಜಗಿದು ಹಾಳುಮಾಡಿದೆ ಎಂದುಕೊಂಡೆ. ನಾನು ಕಟ್ಟುವಾಗ ಆ ತಪ್ಪು ಆಗಬಾರದೆಂದು, ಗಂಟು ಹಾಕಿದ ಮೇಲೆ ಸಣ್ಣ ಕತ್ತರಿಯಿಂದ ಸುತ್ತಲೂ ಕತ್ತರಿಸಿ ನುಣುಪು ಮಾಡುತ್ತಿದ್ದೆ. ಒಂದು ಕೂದಲು ಹೊರಗಿಲ್ಲ. ಸಾಲಾಗಿ ಇಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳಲಾಗುತ್ತಿರಲಿಲ್ಲ. ಅಜ್ಜಿ ಇದ್ದಿದ್ದರೆ ಬಿಚ್ಚು ಎನ್ನುತ್ತಿರಲಿಲ್ಲ ಎಂದು ನನಗೆ ಹೆಮ್ಮೆ.

ಆ ಜಗಲಿಯ ಮಧ್ಯಾಹ್ನಗಳು ನನಗೆ ಎಷ್ಟು ಬೇಕಾಗಿದ್ದವು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಮನೆಯಲ್ಲಿ ಅಕ್ಕಿ ಅಳೆಯುವುದು ಅತ್ತೆ. ಸಾರಿಗೆ ಉಪ್ಪು ಎಷ್ಟೆಂದು ಹೇಳುವುದು ಅತ್ತೆ. ಊರಿನಿಂದ ಯಾರಾದರೂ ಬಂದರೆ ನನ್ನನ್ನು ತೋರಿಸಿ, ಇವಳು ದೊಡ್ಡವಳು, ಅಡಿಗೆ ನೋಡಿಕೊಳ್ಳುತ್ತಾಳೆ ಎನ್ನುತ್ತಿದ್ದರು, ಅಷ್ಟೇ. ಹುಳದಿಂದ ಬಂದ ದುಡ್ಡೂ ಅತ್ತೆಯ ಡಬ್ಬಿಗೇ ಹೋಗುತ್ತಿತ್ತು, ಅದರ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಆದರೆ ದೊರೆಸಾನಿ ಬಂದಾಗ ಅತ್ತೆಯನ್ನು ಕೇಳುತ್ತಿರಲಿಲ್ಲ, ಯಜಮಾನರನ್ನು ಕೇಳುತ್ತಿರಲಿಲ್ಲ, ಹಿತ್ತಲಿಗೆ ಬಂದು ನನ್ನನ್ನು ಕೇಳುತ್ತಿದ್ದರು. ಮದರಾಸಿನಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಮನುಷ್ಯರು ಅವರೊಬ್ಬರೇ.

ಓರಗಿತ್ತಿ ಮೊದಲು ಬಂದು ಕೂತದ್ದು ಸುಮ್ಮನೆ ನೋಡಲು. ಆಮೇಲೆ ದಾರಕ್ಕೆ ಮೇಣ ಸವರಿಕೊಟ್ಟಳು. ಆಮೇಲೆ ನಾನು ಸ್ನಾನಕ್ಕೆ ಎದ್ದಾಗ ನನ್ನ ಜಾಗದಲ್ಲಿ ಕೂತು ಒಂದು ಕಟ್ಟಿದಳು. ನೋಡಿ ನನಗೆ ನಿಜಕ್ಕೂ ಕನಿಕರವಾಯಿತು. ಅವಳ ದೋಸೆ ಹೇಗೋ ಅವಳ ಹುಳವೂ ಹಾಗೇ. ಮೈ ಒಂದು ಕಡೆ ಉಬ್ಬಿತ್ತು, ಕೂದಲು ಸುತ್ತಲೂ ಹೊರಬಿದ್ದಿತ್ತು. ಕತ್ತರಿಸು ಎಂದು ಕತ್ತರಿ ಕೊಟ್ಟರೆ, ಇರಲಿ ಬಿಡಿ ಅಕ್ಕ ಎಂದು ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ನನ್ನದರ ಜೊತೆ ಅದು ಇರುವುದನ್ನು ಕಂಡು ಮುಜುಗರವಾದರೂ, ಕಲಿಯುವವಳು ಎಂದು ಸುಮ್ಮನಾದೆ. ದೊಡ್ಡವಳ ದೊಡ್ಡತನ ತೋರಿಸಿದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಒಂದೇ ವೈಸ್ ಆದ್ದರಿಂದ ಅವಳಿಗೂ ಒಂದು ಹೊತ್ತು ಬಿಟ್ಟುಕೊಡಬೇಕಾಯಿತು. ಬೇಸಿಗೆ ಮುಗಿದು ಬೆಟ್ಟದಿಂದ ಸುದ್ದಿ ಬಂತು. ದೊರೆಸಾನಿ ಅಂಗಡಿಯಿಂದ ಹಿಂದಕ್ಕೆ ಬಂದ ಒಂದು ಡಬ್ಬಿ ಹುಳ ತಂದು ಬೆಂಚಿನ ಮೇಲಿಟ್ಟರು. ಅಷ್ಟೂ ನನ್ನವು. ಅವಳವು ಒಂದೂ ಹಿಂದೆ ಬಂದಿರಲಿಲ್ಲ. ಊಟಿಯ ಗಿರಾಕಿಗಳು ಅಂಥವೇ ಇನ್ನಷ್ಟು ಬೇಕು ಎಂದಿದ್ದರಂತೆ. ದೊರೆಸಾನಿಗೆ ನನ್ನ ಹತ್ತಿರ ಮಾತಾಡಲು ಹರುಕುಮುರುಕು ತಮಿಳೇ ಗತಿ. ನನ್ನ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು.

"ರೊಂಬ ಅಳಗಾ ಇರುಕ್ಕು ಮಾ. ಅದುದಾನ್ ತಪ್ಪು."

ಬಹಳ ಚಂದ ಇದೆಯಂತೆ, ತಪ್ಪೇ ಅದಂತೆ. ಚಂದ ಇರುವುದು ತಪ್ಪು ಎಂದು ಅಲ್ಲಿಯತನಕ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವರು ಓರಗಿತ್ತಿಯತ್ತ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವಳೂ ಇಂಗ್ಲಿಷಿನಲ್ಲೇ ಏನೋ ಹೇಳಿ ನಕ್ಕಳು. ಇಬ್ಬರೂ ನನ್ನ ಜಗಲಿಯಲ್ಲಿ, ನನ್ನ ಬೆಂಚಿನ ಮೇಲೆ ಕೂತು, ನನಗೆ ತಿಳಿಯದ ಭಾಷೆಯಲ್ಲಿ ನಗುತ್ತಿದ್ದರು. ಕಾಫಿ ತರುತ್ತೇನೆಂದು ನಾನು ಎದ್ದುಹೋದೆ. ಮಿಂದಲ್ಲದೆ ಒಲೆಯ ಹತ್ತಿರ ಹೋಗುವ ಹಾಗಿಲ್ಲ ಎಂಬುದು ಬಾಗಿಲಲ್ಲಿ ನೆನಪಾಗಿ, ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತೆ.

ಆಮೇಲೆ ಮನೆಯಲ್ಲಿ ಕೇಳಿದ್ದೆಲ್ಲ ಅದೇ ಹಾಡು. ಸಣ್ಣವಳ ಕೈಗುಣ ಒಳ್ಳೆಯದು ಎಂದು ಅತ್ತೆ. ಮುಟ್ಟಿದರೆ ಮೈಲಿಗೆ ಎಂದವರು ಈಗ ಕೈಗುಣ ಹೊಗಳುತ್ತಿದ್ದರು. ಮೈದುನ ಹೋಟೆಲಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ. ನನ್ನ ಮಗಳು ತಮಿಳು ಶಾಲೆಯ ಹುಡುಗಿ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ. ಅವಳಾದರೂ ನನ್ನ ಪಕ್ಷ ವಹಿಸುತ್ತಾಳೆಂದು ಎರಡೂ ಹುಳ ಮುಂದಿಟ್ಟು ಯಾವುದು ಚಂದ ಎಂದು ಕೇಳಿದೆ.

"ಉನ್ನೋಡದು ಅಳಗು ಅಮ್ಮಾ. ಚಿತ್ತಿಯೋಡದು ನಿಜ ಪೂಚ್ಚಿ ಮಾದಿರಿ ಇರುಕ್ಕು."

ನನ್ನದು ಚಂದ, ಚಿಕ್ಕಮ್ಮನದು ನಿಜವಾದ ಹುಳದ ಹಾಗಿದೆ. ಹೆತ್ತ ಮಗಳೂ ಅದನ್ನೇ ಹೇಳಿದಳು. ಅದನ್ನಾದರೂ ನುಂಗಿಕೊಂಡೇನು, ಯಜಮಾನರು ಹೇಳಿದ್ದು ಗಂಟಲಲ್ಲೇ ಉಳಿಯಿತು. ಊಟಕ್ಕೆ ಬಡಿಸುತ್ತಿದ್ದೆ. ಮಜ್ಜಿಗೆ ಹಾಕಿಸಿಕೊಳ್ಳುತ್ತ, ತಲೆ ಎತ್ತದೆ ಹೇಳಿದರು.

"ಅವಳ ಹತ್ತಿರ ಸ್ವಲ್ಪ ಕೇಳಿ ಕಲಿ. ಅದರಲ್ಲಿ ನಾಚಿಕೆ ಎಂತ ಉಂಟು?"

ನಾನು ತಂದ ಕೆಲಸ, ನಾನು ಹೇಳಿಕೊಟ್ಟ ಕೈ, ಈಗ ನಾನೇ ಅವಳ ಹತ್ತಿರ ಕಲಿಯಬೇಕಂತೆ. ಆ ದಿನ ಅವರಿಗೆ ಉಪ್ಪಿನಕಾಯಿ ಬಡಿಸಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ.

ಕೇಳಿ ಕಲಿಯುವುದು ಸಾಧ್ಯವಿರಲಿಲ್ಲ. ಕದ್ದು ಕಲಿಯೋಣವೆಂದು ಅವಳು ಕಟ್ಟುವಾಗ ಅಕ್ಕಿ ಆರಿಸುವ ನೆಪದಲ್ಲಿ ಪಕ್ಕದಲ್ಲಿ ಕೂತೆ. ಕಲಿಯಲು ಅಲ್ಲಿ ಏನೂ ಇರಲಿಲ್ಲ. ಬಾವಿಕಟ್ಟೆಯ ಮೇಲಿನ ಕಾಗೆ ನೋಡುತ್ತ, ಊರಿನ ಸುದ್ದಿ ಹೇಳುತ್ತ, ಆಕಳಿಸುತ್ತ ಕಟ್ಟುತ್ತಿದ್ದಳು. ನಾನೂ ಕತ್ತರಿ ಬಿಟ್ಟೆ. ಬೇಕೆಂದೇ ಕೂದಲು ಕೆದರಿದೆ, ಬೇಕೆಂದೇ ಮೈ ಉಬ್ಬಿಸಿದೆ. ದೊರೆಸಾನಿ ಅವನ್ನು ನೋಡಿ ಜೋರಾಗಿ ನಕ್ಕುಬಿಟ್ಟರು. ತಲೆ ಬಾಚದ ಹುಳ ಎಂದು ತಮಾಷೆ ಮಾಡಿದರು. ಶಿಸ್ತಾಗಿ ಕಟ್ಟಿದರೆ ಚಂದ ಹೆಚ್ಚಾಯಿತು, ಕೆದರಿ ಕಟ್ಟಿದರೆ ನಗೆಪಾಟಲು. ಅವಳಿಗೆ ಸೋಮಾರಿತನದಲ್ಲೇ ಸಿದ್ಧಿಸಿದ್ದು ನನಗೆ ಹಠ ಹಿಡಿದರೂ ಬರಲಿಲ್ಲ. ಅವಳ ಜಡೆ ಕಂಡರೆ, ನಡಿಗೆ ಕಂಡರೆ, ಬಚ್ಚಲಿನಿಂದ ಅವಳು ಗುನುಗುವುದು ಕೇಳಿದರೆ ನನ್ನ ಮೈ ಉರಿಯುತ್ತಿತ್ತು.

ಅರವತ್ತರ ದಶಕ ಕಾಲಿಟ್ಟ ಮೇಲೆ ಹೊರದೇಶದ ಕೊಕ್ಕೆಗಳು ಬರುವುದು ಕಷ್ಟವಾಯಿತು. ಒಂದು ದಿನ ದೊರೆಸಾನಿ ಜಗಲಿಗೆ ಬಂದು, ಇನ್ನು ಎರಡು ಕೈಗೆ ಸಾಲುವಷ್ಟು ಕೊಕ್ಕೆ ತನ್ನಲ್ಲಿಲ್ಲ ಎಂದರು. ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಕೊಡಬಲ್ಲೆ, ವೈಸ್ ಕೂಡ ಆ ಒಬ್ಬರದ್ದೇ. ಮುಂದಿನ ಶುಕ್ರವಾರ ಇಬ್ಬರೂ ಹೊಸದಾಗಿ ಕಟ್ಟಿ ಪಲ್ಲಾವರಂಗೆ ತನ್ನಿ, ನೋಡಿ ಹೇಳುತ್ತೇನೆ ಎಂದರು. ನೋಡುವುದಕ್ಕೆ ಏನಿದೆ, ಎಲ್ಲರಿಗೂ ಗೊತ್ತಿದ್ದದ್ದೇ. ಆ ವೈಸ್ ಬೆಂಚಿನ ಮೇಲೆ ಅಲ್ಲೇ ಇರುತ್ತದೆ, ಅದರ ಮುಂದೆ ಅವಳು ಕೂತಿರುತ್ತಾಳೆ, ದೊರೆಸಾನಿ ಅವಳನ್ನು ಹುಡುಕಿಕೊಂಡು ಬರುತ್ತಾರೆ, ನಾನು ಅವರಿಗೆ ಕಾಫಿ ತಂದುಕೊಡುತ್ತೇನೆ. ಇದನ್ನು ನೆನೆಸಿಕೊಂಡಾಗಲೆಲ್ಲ ಅನ್ನ ಸೇರುತ್ತಿರಲಿಲ್ಲ.

ನಮ್ಮಲ್ಲಿ ಕುಡಿಯುವ ನೀರನ್ನು ಸೋಸದೆ ಒಳಗೆ ತರುವ ಕ್ರಮವಿಲ್ಲ. ಬಾವಿಯಿಂದ ಸೇದಿ, ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಸುರಿಯುವುದು. ಬಟ್ಟೆಯಲ್ಲಿ ನಿಂತ ಕ್ರಿಮಿಕೀಟ ಸಾಯಬಾರದು. ಬಟ್ಟೆಯನ್ನು ಬಾವಿಯ ಮೇಲೆ ಮಗುಚಿ ಹಿಡಿದು, ಮೇಲಿನಿಂದ ನೀರು ಹೊಯ್ದು, ಅವನ್ನು ಬಂದಲ್ಲಿಗೇ ಕಳಿಸಬೇಕು. ಮದುವೆಯಾಗಿ ಬಂದ ಲಾಗಾಯ್ತು ದಿನಾ ಬೆಳಿಗ್ಗೆ ಮಾಡಿದ ಕೆಲಸ ಅದು. ಬಟ್ಟೆಯಲ್ಲಿ ಏನಿದೆಯೆಂದು ನೋಡಿದವಳಲ್ಲ.

ಶುಕ್ರವಾರಕ್ಕೆ ಮೊದಲಿನ ಒಂದು ಬೆಳಿಗ್ಗೆ, ಮನಸ್ಸು ಎಲ್ಲೋ ಇಟ್ಟುಕೊಂಡು ಬಟ್ಟೆ ಮಗುಚಲು ಹೊರಟವಳು, ಒದ್ದೆ ಬಟ್ಟೆಯ ನಡುವೆ ಏನೋ ಮಿಸುಕಿದ್ದು ಕಂಡು ನಿಂತೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಕಂದು ಬಣ್ಣ, ಹಿಂದೆ ಬಾಲದ ಮೂರು ಎಳೆ. ಬೆನ್ನ ಮೇಲೆ ರೆಕ್ಕೆ ಮೂಡಲಿರುವ ಗಂಟು. ನಾನು ದಿನಾ ಕಟ್ಟುತ್ತಿದ್ದ ಹುಳ. ಊಟಿಯ ತೊರೆಯಲ್ಲಿ ಎಲ್ಲೋ ಇದೆ ಎಂದುಕೊಂಡಿದ್ದರ ದಾಯಾದಿ ನಮ್ಮ ಬಾವಿಯಲ್ಲೇ ಇತ್ತು. ಒಂದು ಬಟ್ಟಲಿಗೆ ನೀರು ಹಾಕಿ ಅದನ್ನು ಬಿಟ್ಟು, ಬಾವಿಕಟ್ಟೆಯ ಮೇಲೆ ಇಟ್ಟುಕೊಂಡು ಕೂತೆ. ಒಳಗಿನಿಂದ ಅತ್ತೆ ನೀರಿಗೆ ಕೂಗಿದರು. ಕೇಳಿಸದವಳ ಹಾಗಿದ್ದೆ.

ಬಟ್ಟೆಯ ಮೇಲೆ ಮುದುರಿದ್ದ ಹುಳ ನೀರಿಗೆ ಬಿದ್ದದ್ದೇ ಬಿಡಿಸಿಕೊಂಡಿತು. ಕಾಲುಗಳು ಎರಡೂ ಕಡೆಗೆ ಚಾಚಿದವು. ಪಕ್ಕೆಗಳುದ್ದಕ್ಕೂ ಸಣ್ಣ ಸಣ್ಣ ಪೊರೆಗಳು ನಡುಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ನಡುಗುತ್ತಿದ್ದವು. ಹುಳ ಅವುಗಳಿಂದಲೇ ಉಸಿರಾಡುತ್ತಿತ್ತು. ನಾನು ಕತ್ತರಿಯಿಂದ ಕತ್ತರಿಸಿ ಎಸೆಯುತ್ತಿದ್ದದ್ದು ಅದರ ಕಾಲು, ಅದರ ಉಸಿರು. ಕತ್ತರಿಸಿದ ಮೇಲೆ ಉಳಿದದ್ದು ಸತ್ತ ಹುಳ. ಸತ್ತದ್ದನ್ನು ಮೀನು ಯಾಕೆ ನಂಬುತ್ತದೆ? ಹಾಗೆಂದು ಆ ಹುಳ ಬೇಕಾಬಿಟ್ಟಿಯಾಗಿಯೂ ಇರಲಿಲ್ಲ. ಕೆದರಿದ್ದೆಲ್ಲ ಎದೆಯಲ್ಲಿ, ಪಕ್ಕೆಯಲ್ಲಿ ಮಾತ್ರ. ಬಾಲದ ಕಡೆ ಮೈ ಸಪೂರ, ಶಿಸ್ತಾಗಿತ್ತು.

ಖುಷಿಯಾಯಿತೇ ಎಂದರೆ ಆಯಿತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಓರಗಿತ್ತಿ ಇದನ್ನು ಕಣ್ಣಲ್ಲಿ ಕಂಡವಳಲ್ಲ. ನೀರು ಸೋಸುವ ಕೆಲಸ ಅವಳದ್ದಲ್ಲವೇ ಅಲ್ಲ. ಕಾಣದೆಯೇ, ಆಕಳಿಸುತ್ತ, ದೇವರು ಮಾಡಿದ್ದಕ್ಕೆ ಇಷ್ಟು ಹತ್ತಿರದ್ದನ್ನು ಕಟ್ಟಿಬಿಟ್ಟಿದ್ದಳು. ಅತ್ತೆ ಅವಳ ಕಡೆ, ಯಜಮಾನರು ಅವಳ ಕಡೆ, ಈಗ ನೋಡಿದರೆ ಬಾವಿಯೊಳಗಿನ ದೇವರೂ ಅವಳ ಕಡೆ.

ಹುಳವನ್ನು ಬಾವಿಗೆ ಬಿಟ್ಟು, ಅಡಿಗೆ ಮುಗಿಸಿ, ಜಗಲಿಗೆ ಹೋದೆ. ಬಾಲದ ಕಡೆ ನನ್ನ ಅಜ್ಜಿಯ ಬಿಗಿ. ಎದೆಯ ಕಡೆ ಬಂದಾಗ ದಾರಕ್ಕೆ ಕೂದಲನ್ನು ಸಡಿಲವಾಗಿ ಹೊಸೆದು, ಗಂಟು ಹಾಕಿದ ಮೇಲೆ ಸೂಜಿಯ ಮೊನೆಯಿಂದ ಪಕ್ಕೆಯ ಕೂದಲನ್ನು ಒಂದೊಂದಾಗಿ ಹೊರಗೆಳೆದೆ. ಬಟ್ಟಲಿನ ನೀರಿಗೆ ಹಾಕಿದೆ. ಕೂದಲು ಬಿಡಿಸಿಕೊಂಡು ನಡುಗಿತು. ಆ ವಾರವೆಲ್ಲ ಹಾಗೆಯೇ ಕಟ್ಟಿದೆ. ಓರಗಿತ್ತಿಗೆ ಹೇಳಲಿಲ್ಲ. ಹೇಳುವಷ್ಟು ಒಳ್ಳೆಯವಳು ನಾನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶುಕ್ರವಾರ ಇಬ್ಬರೂ ನುಂಗಂಬಾಕ್ಕಂನಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳದು ಪಲ್ಲಾವರಂ ಸಂತೆಯ ಮಾತು. ಅಲ್ಲಿ ಗಾಜಿನ ಬಳೆ ಸಿಗುತ್ತದಂತೆ, ಹಳೆಯ ದೀಪ ಸಿಗುತ್ತದಂತೆ, ಬರುವಾಗ ಹೋಗೋಣವೇ ಎಂದು ಕೇಳುತ್ತಿದ್ದಳು. ನನ್ನ ಮಡಿಲಲ್ಲಿ ಹುಳದ ಡಬ್ಬಿ ಇತ್ತು. ಗೆಲ್ಲುವುದು ಖಂಡಿತ ಎಂದು ಗೊತ್ತಿರುವವರು ಹೀಗೆಯೇ ಬಳೆಯ ಮಾತಾಡುತ್ತಾರೆ ಎಂದುಕೊಂಡು ಕಿಟಕಿಯ ಹೊರಗೆ ನೋಡಿದೆ.

ದೊರೆಸಾನಿಯ ಮನೆಯ ವರಾಂಡದಲ್ಲಿ ಮೇಜಿನ ಮೇಲೆ ನೀರು ತುಂಬಿದ ಗಾಜಿನ ಬೋಗುಣಿ ಇತ್ತು. ಇಬ್ಬರದ್ದನ್ನೂ ಒಂದು ಬಿಳಿ ತಟ್ಟೆಗೆ ಸುರಿಯಲು ಹೇಳಿ, ಯಾವುದು ಯಾರದ್ದೆಂದು ಕೇಳದೆ ಒಂದೊಂದನ್ನೇ ನೀರಿಗೆ ಬಿಟ್ಟು, ಮುಖ ಬಗ್ಗಿಸಿ ನೋಡತೊಡಗಿದರು. ಕೆಲವನ್ನು ಎಡಕ್ಕಿಟ್ಟರು, ಕೆಲವನ್ನು ಬಲಕ್ಕಿಟ್ಟರು. ಒಂದನ್ನು ಬಿಟ್ಟಾಗ ಮಾತ್ರ ಅವರ ಕೈ ನಿಂತಿತು. ಅದನ್ನು ಎತ್ತಿ ಮತ್ತೆ ಬಿಟ್ಟರು. ಅದು ನನ್ನದು. ನನ್ನ ಕೈ ನನಗೆ ಗೊತ್ತಾಗದೆ ಇರುತ್ತದೆಯೇ?

ದೊರೆಸಾನಿ ನೀರಿನಿಂದ ಅದನ್ನು ತೆಗೆದು, ಕನ್ನಡಕ ಸರಿಮಾಡಿಕೊಂಡು, ನೇರವಾಗಿ ಓರಗಿತ್ತಿಯತ್ತ ತಿರುಗಿದರು. ಅವಳ ಭುಜ ತಟ್ಟಿ ಇಂಗ್ಲಿಷಿನಲ್ಲಿ ಹೊಗಳಿದರು. ಹೊಗಳಿಕೆ ಎಂದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ. ಆಮೇಲೆ ನನ್ನತ್ತ ನೋಡಿ, ಸಮಾಧಾನ ಹೇಳುವವರ ಹಾಗೆ ತಲೆಯಾಡಿಸಿದರು.

ಅದು ನನ್ನದು ಎಂದು ನಾನೇ ಹೇಳಿದರೆ, ಸೋತವಳ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾರೆ. ಹೊಟ್ಟೆಕಿಚ್ಚು ಇದ್ದದ್ದೂ ನಿಜವೇ ತಾನೇ. ಓರಗಿತ್ತಿ ಬಗ್ಗಿ ಆ ಹುಳವನ್ನು ನೋಡಿದಳು. ದೊರೆಸಾನಿಯ ಹತ್ತಿರ ಯಾವತ್ತೂ ಇಂಗ್ಲಿಷನ್ನೇ ಆಡುತ್ತಿದ್ದವಳು, ಆಗ ಮಾತ್ರ ನನಗೂ ತಿಳಿಯುವ ಹಾಗೆ ತಮಿಳಿನಲ್ಲಿ ಹೇಳಿದಳು.

"ಅದು ಎನ್ನೋಡದು ಇಲ್ಲೆ. ಅಕ್ಕಾವೋಡದು."

ತನ್ನದಲ್ಲ, ಅಕ್ಕನದು. ಹೇಳಿ, ತಟ್ಟೆಯಲ್ಲಿದ್ದ ನನ್ನ ಉಳಿದ ಹುಳಗಳನ್ನೂ ತಾನೇ ಆರಿಸಿ ಒಂದು ಕಡೆ ಮಾಡಿದಳು. ಒಂದೂ ತಪ್ಪಲಿಲ್ಲ. ದೊರೆಸಾನಿ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿದರು. ಕೊಕ್ಕೆಗಳ ಪೊಟ್ಟಣವನ್ನು ನನ್ನ ಮಡಿಲಲ್ಲಿಟ್ಟರು. ವೈಸ್ ಇನ್ನು ನಿನ್ನದೇ ಎಂದರು. ಅಷ್ಟು ದಿನ ಬೇಕು ಬೇಕೆಂದು ಒದ್ದಾಡಿದ್ದು ಕೈಗೆ ಬಂದಾಗ ನಾನು ನೋಡುತ್ತಿದ್ದದ್ದು ಅವಳ ಮುಖ. ಅಲ್ಲಿ ಬೇಸರದ ಗೆರೆ ಒಂದಾದರೂ ಇದ್ದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಸಂತೆಯಲ್ಲಿ ಅವಳು ಹಸಿರು ಬಳೆ ಕೊಂಡಳು. ಹಿಂದಿರುಗುವ ರೈಲಿನಲ್ಲಿ ಅವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದಳು. ನನಗೆ ತಡೆಯಲಾಗದೆ ಕೇಳಿಬಿಟ್ಟೆ.

"ಎಂತಕ್ಕೆ ಹೇಳಿದ್ದು ನೀನು? ಸುಮ್ಮನೆ ಇದ್ದಿದ್ರೆ ನಿಂಗೇ ಸಿಗ್ತಿತ್ತು."

"ನಂಗೆ ಎಂತಕ್ಕೆ ಅಕ್ಕ ಅದು?" ಎಂದಳು. "ಆ ಮೊಲದ ವಾಸನೆಗೆ ನಂಗೆ ತಲೆನೋವು ಬರ್ತದೆ. ನೀವು ಕರೀತೀರಿ, ಬರದಿದ್ರೆ ಬೇಜಾರು ಮಾಡ್ಕೊಳ್ತೀರಿ ಅಂತ ಕೂತದ್ದು."

ನಾನು ಅವಳನ್ನು ಕರೆದದ್ದು ಯಾವಾಗ? ಯೋಚಿಸಿದೆ. ಮೊದಲ ದಿನ, ಮೇಣ ಸವರಿಕೊಡು ಬಾ ಎಂದಿದ್ದೆನೋ ಏನೋ. ಅಷ್ಟೂ ಕಾಲ ನಾನು ಊಟ ಬಿಟ್ಟು ಒಬ್ಬಳೇ ಜಗಳ ಕಾದಿದ್ದೆ. ಎದುರು ಪಕ್ಷದಲ್ಲಿ ಯಾರೂ ಇರಲಿಲ್ಲ. ಅವಳು ತಲೆನೋವಿನಲ್ಲಿ ಕೂತು, ಬೇಡದ ಕೆಲಸವನ್ನು ಬೇಡವೆನ್ನದೆ ಮಾಡಿ, ನನ್ನನ್ನು ಸೋಲಿಸುತ್ತಲೇ ಇದ್ದಳು. ಗೆದ್ದದ್ದನ್ನೂ ಕೊನೆಗೆ ಅವಳೇ ಎತ್ತಿಕೊಟ್ಟಳು. ಸೈದಾಪೇಟೆ ದಾಟುವಾಗ ಅವಳು ನನ್ನ ಭುಜಕ್ಕೆ ತಲೆಯಿಟ್ಟು ತೂಕಡಿಸಿದಳು. ಸರಿಸಬೇಕೆನಿಸಿತು, ಸರಿಸಲಿಲ್ಲ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಜಗಲಿಗೆ ಬಂದೆ. ಬೆಂಚು ನನ್ನದು, ವೈಸ್ ನನ್ನದು, ಕೊಕ್ಕೆಗಳೆಲ್ಲ ನನ್ನವು. ಹೊತ್ತು ಹಂಚಿಕೊಳ್ಳಬೇಕಾಗಿಲ್ಲ. ಮಧ್ಯಾಹ್ನದ ಸೆಕೆಗೆ ಬೆವರು ಕಣ್ಣಿಗಿಳಿಯುತ್ತಿತ್ತು, ಮೊಲದ ಕಿವಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆ ವಾಸನೆ ಇಷ್ಟಿದೆಯೆಂದು ನನಗೆ ಮೊದಲು ತಿಳಿದಿರಲಿಲ್ಲ. ಒಳಗೆ ಕೋಣೆಯಲ್ಲಿ ಓರಗಿತ್ತಿ ಚಾಪೆ ಹಾಸಿ, ತೋಳನ್ನು ತಲೆದಿಂಬು ಮಾಡಿ ಮಲಗಿದ್ದಳು. ತಲೆ ಇಟ್ಟ ಕೂಡಲೇ ನಿದ್ದೆ. ಹಸಿರು ಬಳೆ ಕೈಯಲ್ಲೇ ಇತ್ತು. ವೈಸ್ ಮನೆಗೆ ಬಂದ ಮೇಲೆ ನಾನು ಒಂದು ಮಧ್ಯಾಹ್ನವೂ ಮಲಗಿದವಳಲ್ಲ.

ಕೊಕ್ಕೆ ಸಿಕ್ಕಿಸಿ ದಾರ ಸುತ್ತತೊಡಗಿದೆ. ಅವಳ ಉಸಿರು ಒಂದೇ ಸಮ ಕೇಳುತ್ತಿತ್ತು. ನನ್ನ ಹೊಟ್ಟೆಕಿಚ್ಚು ಬೆಂಚಿನಿಂದ ಎದ್ದು, ಮಡಿಮೈಲಿಗೆ ನೋಡದೆ, ಮೀಯದೆ, ನೇರ ಒಳಗೆ ಹೋಗಿ ಅವಳ ಚಾಪೆಯ ಪಕ್ಕ ಕೂತಿತು.